ಕೊನೆಯ ಕಂತಿನ ಕೊಡಪಾನ

ಈ ಪತ್ರಿಕೆಯಲ್ಲಿ ಆರು ಸಂಚಿಕೆಗಳ ಕಾಲ ಬಂದ ‘ಸುರಂಗ’ ಎಂಬ ನನ್ನ ಧಾರಾವಾಹಿ ಕಥೆ ಕಳೆದ ಸಂಚಿಕೆಗೆ ಮುಗಿಯಿತು. ಅಂದಿನಿಂದ ತರಗತಿಯಲ್ಲಿ, ಗ್ರಂಥಾಲಯದ ಮೆಟ್ಟಿಲಲ್ಲಿ, ಬಸ್ಸಿಗೆ ಕಾಯುವಲ್ಲಿ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ನನ್ನನ್ನು ಕೇಳುತ್ತಿರುವ ಪ್ರಶ್ನೆ ಒಂದೇ. ಐದು ಕಂತುಗಳ ತನಕ ಹೆದರಿಸಿಕೊಂಡು ಬಂದು, ಕೊನೆಗೆ ಮಣ್ಣಿನಲ್ಲಿ ಹೂತ ಒಂದು ಕೊಡಪಾನವನ್ನು ತೋರಿಸಿ ಮುಗಿಸಿದ್ದು ಏಕೆ? ಎರಡನೆಯ ವರ್ಷದ ಒಬ್ಬಳಂತೂ, “ಕೊನೆಯ ಕಂತು ಓದ್ಲಿಕ್ಕೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೆ ಸರ್, ಅಮ್ಮ ಅಷ್ಟು ಹೊತ್ತು ಸುಮ್ಮನೆ ಕೂತದ್ದಾಯಿತು” ಎಂದು ತನ್ನ ನಿರಾಶೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಓದುಗರ ಇಂಥ ದೂರಿಗೆ ಕಥೆಗಾರ ಉತ್ತರ ಕೊಡಬಾರದು ಎಂಬ ಮಾತುಂಟು. ಆದರೆ ಇಲ್ಲಿ ಉತ್ತರದ ಹಕ್ಕು ನನ್ನೊಬ್ಬನದೇ ಆಗಿಲ್ಲ. ಅದರಲ್ಲಿ ದೊಡ್ಡ ಪಾಲು ಉಳ್ಳವರು ಹೇಳಬಹುದೆಂದು ಒಪ್ಪಿಗೆ ಕೊಟ್ಟಮೇಲೆ ಇದನ್ನು ಬರೆಯುತ್ತಿದ್ದೇನೆ.

ಕಥೆಯನ್ನು ಓದದ ಹೊಸ ವಿದ್ಯಾರ್ಥಿಗಳಿಗಾಗಿ ನಾಲ್ಕು ಮಾತು. ಗುಡ್ಡವೊಂದಕ್ಕೆ ಬೆನ್ನು ಕೊಟ್ಟು ಕುಳಿತ ಸಣ್ಣ ಪೇಟೆ. ಒಂದು ಜಿನಸಿನ ಅಂಗಡಿ, ಒಂದು ಬೀಡಿ ಬ್ರಾಂಚು, ಎರಡು ಹೋಟೆಲು, ಸಂಜೆಯ ಕೊನೆಯ ಬಸ್ಸು. ಮುರಕಲ್ಲಿನ ಆ ಗುಡ್ಡದಲ್ಲಿ ಬಾಯಿಗೆ ಕಲ್ಲು ಪೇರಿಸಿ ಮುಚ್ಚಿದ ಒಂದು ಹಳೆಯ ಸುರಂಗ. ಸುರಂಗವೆಂದರೆ ರೈಲು ಹೋಗುವ ಸುರಂಗವಲ್ಲವೆಂದು ನಮ್ಮ ಜಿಲ್ಲೆಯವರಿಗೆ ತಿಳಿಸಬೇಕಾಗಿಲ್ಲ. ಬಾವಿ ತೋಡಿ ನೀರು ಕಾಣದಲ್ಲಿ ಗುಡ್ಡವನ್ನು ಅಡ್ಡಲಾಗಿ ಕೊರೆದು, ಒಬ್ಬ ಮನುಷ್ಯ ಬಗ್ಗಿಕೊಂಡು ನಡೆಯುವಷ್ಟು ದಾರಿ ಮಾಡಿ, ಒಳಗೆ ಒಸರುವ ನೀರನ್ನು ಅಡಕೆಮರದ ದಂಬೆಯಲ್ಲಿ ಹೊರಗಿನ ತೊಟ್ಟಿಗೆ ಹರಿಸುವ ಏರ್ಪಾಡು ಅದು. ಪಿಕ್ಕಾಸಿನಲ್ಲಿ ಅಗೆಯುತ್ತ, ಮಣ್ಣನ್ನು ಬುಟ್ಟಿಯಲ್ಲಿ ಹೊರಗೆ ಹೊರುತ್ತ, ಉದ್ದವನ್ನು ಕೋಲಿನ ಲೆಕ್ಕದಲ್ಲಿ ಅಳೆಯುತ್ತ ತಿಂಗಳುಗಟ್ಟಲೆ ತೋಡಿದ ಸುರಂಗಗಳು ನಮ್ಮ ಗುಡ್ಡಗಳ ತುಂಬ ಇವೆ. ಒಳಗಿನ ಕತ್ತಲೆಯಲ್ಲಿ ಬಾವಲಿಗಳು. ಉಸಿರಾಡುವ ಗಾಳಿ ಇದೆಯೇ ಎಂದು ನೋಡಲು ಕೈಯಲ್ಲೊಂದು ದೀಪ. ಭಯದ ಕಥೆಗೆ ಇದಕ್ಕಿಂತ ಹೆಚ್ಚಿನ ಸಿದ್ಧತೆ ಬೇಕೆ? ನನ್ನ ಕಥೆಯ ಪೇಟೆಯಲ್ಲಿ ಕತ್ತಲಾಗುವ ಹೊತ್ತಿಗೆ ಮುಚ್ಚಿದ ಸುರಂಗದೊಳಗಿನಿಂದ ಒಂದು ಹೆಣ್ಣುದನಿ ಹಾಡು ಗುನುಗುತ್ತದೆ. ಕೇಳಿದವರು ಮರುದಿನ ಜ್ವರ ಬಂದು ಮಲಗುತ್ತಾರೆ. ಐದನೆಯ ಕಂತಿನ ಕೊನೆಯಲ್ಲಿ ಇಬ್ಬರು ತರುಣರು ಕಲ್ಲು ಸರಿಸಿ ಒಳಗೆ ಹೋಗುತ್ತಾರೆ, ಇಪ್ಪತ್ತು ಹೆಜ್ಜೆಗೆ ಅವರ ಕೈದೀಪ ಆರುತ್ತದೆ.

ಈ ಕಥೆಯ ಬೀಜ ನಾನು ಹುಟ್ಟಿಸಿದ್ದಲ್ಲ. ಸುರಂಗದಲ್ಲಿ ಹಾಡುವ ಹೆಣ್ಣಿನ ಮಾತು ನಮ್ಮ ಕಡೆಯ ಹಲವು ಗುಡ್ಡಗಳ ತಪ್ಪಲಲ್ಲಿ ಉಂಟು. ಚಿಕ್ಕಂದಿನಲ್ಲಿ ನಾನು ಅದನ್ನು ಮೂರು ಬೇರೆ ಬೇರೆ ಊರುಗಳ ಹೆಸರಿನಲ್ಲಿ ಕೇಳಿದ್ದೇನೆ. ಅದನ್ನು ಕಂತುಗಳಲ್ಲಿ ಬರೆಯಬೇಕೆನ್ನಿಸಿದ್ದು ಮಾತ್ರ ನನ್ನ ಆಸೆ. ನಮ್ಮ ತಲೆಮಾರಿನವರು ಕಥೆ ಓದಲು ಕಲಿತದ್ದೇ ಕಂತಿನಲ್ಲಿ. ‘ಸುಧಾ’, ‘ತರಂಗ’ಗಳ ಧಾರಾವಾಹಿ ಪುಟಗಳನ್ನು ಹರಿದು, ಹೊಲಿದು, ರಟ್ಟು ಹಾಕಿ ಕಾದಂಬರಿ ಮಾಡಿಟ್ಟುಕೊಂಡ ಮನೆಗಳು ಎಷ್ಟೋ. ಆಮೇಲೆ ದೂರದರ್ಶನದಲ್ಲಿ ಸದಾನಂದ ಸುವರ್ಣರ ‘ಗುಡ್ಡದ ಭೂತ’ ಬಂದಾಗ ಅದೇ ಕಾಯುವಿಕೆ ಕಣ್ಣಿಗೂ ಕಿವಿಗೂ ಬಂತು. ಅದರ ಶೀರ್ಷಿಕೆಯ ತುಳು ಹಾಡು ಶುರುವಾದರೆ ಸಾಕು, ನಡುಮನೆಯಲ್ಲಿ ಕೂತ ಮಕ್ಕಳು ಗೋಡೆಗೆ ಒತ್ತಿಕೊಳ್ಳುತ್ತಿದ್ದರು. ಭೂತಕ್ಕಿಂತ ಆ ಹಾಡಿಗೇ ನಾವು ಹೆಚ್ಚು ಹೆದರಿದ್ದೆಂದು ಈಗ ಅನ್ನಿಸುತ್ತದೆ.

ಕಂತಿನ ಕಥೆಯಲ್ಲಿ ಬರೆಯುವವನಿಗೆ ಒಂದು ಸೌಕರ್ಯವಿದೆ. ಪ್ರತಿ ಕಂತನ್ನೂ ಒಂದು ಬಾಗಿಲಿನ ಮುಂದೆ ತಂದು ನಿಲ್ಲಿಸಿದರಾಯಿತು. ಬಾಗಿಲಿನ ಆಚೆ ಏನಿದೆಯೆಂದು ಓದುಗನ ಮನಸ್ಸೇ ಒಂದು ತಿಂಗಳು ಕಟ್ಟಿಕೊಳ್ಳುತ್ತದೆ. ಹಾಗೆ ಕಟ್ಟಿಕೊಂಡದ್ದು ನಾವು ಬರೆಯಬಹುದಾದ್ದಕ್ಕಿಂತ ಯಾವಾಗಲೂ ದೊಡ್ಡದು. ‘ನಾಳೆ ಬಾ’ ಎಂದು ಬಾಗಿಲ ಮೇಲೆ ಬರೆದು ದೆವ್ವವನ್ನು ಹಿಂದಕ್ಕೆ ಕಳಿಸುವ ಉಪಾಯವೊಂದು 1990ರ ದಶಕದಲ್ಲಿ ಕರ್ನಾಟಕದ ಊರೂರುಗಳಲ್ಲಿ ಹಬ್ಬಿತ್ತಲ್ಲ, ಧಾರಾವಾಹಿಯ ‘ಮುಂದುವರಿಯುವುದು’ ಅದರ ತದ್ವಿರುದ್ಧ. ದೆವ್ವವನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ನಾಳೆ ಬಾ ಎಂದು ಹೇಳುವುದು ಓದುಗನಿಗೆ. ಕೊನೆಯ ಕಂತಿಗೆ ಮಾತ್ರ ಈ ಅನುಕೂಲವಿಲ್ಲ. ಅಲ್ಲಿ ಬಾಗಿಲು ತೆರೆಯಲೇಬೇಕು.

ತೆರೆಯುವ ಬಗೆ ಯಾವುದು? ಮೊದಲ ಕಂತು ಅಚ್ಚಾಗುವ ಮೊದಲೇ ನಾನು ಈ ಬಗ್ಗೆ ಯೋಚಿಸಿದ್ದೆ, ಹಳೆಯ ಧಾರಾವಾಹಿಗಳ ಕೊನೆಯ ಕಂತುಗಳನ್ನು ಮತ್ತೆ ಓದಿದ್ದೆ. ಎಲ್ಲರಿಗೂ ಗೊತ್ತಿರುವ ಉದಾಹರಣೆ ಆರ್ಥರ್ ಕಾನನ್ ಡಾಯ್ಲ್ ಬರೆದ ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’. ಲಂಡನ್ನಿನ ‘ಸ್ಟ್ರ್ಯಾಂಡ್’ ಮಾಸಪತ್ರಿಕೆಯಲ್ಲಿ 1901ರ ಆಗಸ್ಟಿನಿಂದ 1902ರ ಏಪ್ರಿಲ್‌ವರೆಗೆ ಒಂಬತ್ತು ಕಂತುಗಳಲ್ಲಿ, ಸಿಡ್ನಿ ಪ್ಯಾಜೆಟ್‌ನ ಚಿತ್ರಗಳೊಂದಿಗೆ ಬಂತು. ಡಾರ್ಟ್‌ಮೂರ್ ಎಂಬ ಬಯಲುಗುಡ್ಡದ ಸೀಮೆ, ಅಲ್ಲೊಂದು ಇಲ್ಲೊಂದು ಮನೆಯ ಹಳ್ಳಿ, ಸ್ವಲ್ಪ ದೂರದಲ್ಲಿ ಕೂಂಬ್ ಟ್ರೇಸಿ ಎಂಬ ಸಣ್ಣ ಪೇಟೆ, ಹೆಜ್ಜೆ ತಪ್ಪಿದರೆ ನುಂಗುವ ಕೆಸರುಭೂಮಿ, ಮನೆತನವೊಂದನ್ನು ತಲೆಮಾರುಗಳಿಂದ ಅಟ್ಟಿಸಿಕೊಂಡು ಬಂದ ನರಕದ ನಾಯಿ. ತಿಂಗಳುಗಟ್ಟಲೆ ಆ ನಾಯಿ ಓದುಗರ ಮನಸ್ಸಿನಲ್ಲಿ ಬೆಳೆಯಿತು. ಕೊನೆಗೆ ಅದು ಮಂಜಿನೊಳಗಿಂದ ಉರಿಯುವ ಬಾಯಿಯೊಂದಿಗೆ ಹೊರಬಂತು. ಬಂದದ್ದು ನಿಜವಾದ ನಾಯಿ, ಉರಿದದ್ದು ಅದರ ಮೂತಿಗೆ ಬಳಿದ ರಂಜಕ. ಹೋಮ್ಸ್ ಗುಂಡು ಹಾರಿಸುತ್ತಾನೆ, ಅದು ಸಾಯುತ್ತದೆ. ನಾಯಿಯನ್ನು ಸಾಕಿದವನು ಕೆಸರಿನಲ್ಲಿ ಕಾಣೆಯಾಗುತ್ತಾನೆ, ಹೆಣ ಸಿಗುವುದಿಲ್ಲ. ಕೊನೆಯ ಅಧ್ಯಾಯದಲ್ಲಿ ಬೇಕರ್ ಸ್ಟ್ರೀಟಿನ ಮನೆಯಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ ಹೋಮ್ಸ್ ಒಂದೊಂದೇ ಗಂಟನ್ನು ಬಿಚ್ಚಿ ಹೇಳುತ್ತಾನೆ. ಆಮೇಲೆ ಇಬ್ಬರೂ ಸಂಗೀತನಾಟಕಕ್ಕೆ ಹೊರಡುವುದು, ದಾರಿಯಲ್ಲಿ ಊಟ ಮುಗಿಸುವುದು.

ಈ ಊಟ ನನಗೆ ಯಾವತ್ತೂ ರುಚಿಸಿಲ್ಲ. ಬಿಗಿಯಾದ ಕಟ್ಟಡ, ಸಂದೇಹವಿಲ್ಲ. ಆದರೆ ಲಂಡನ್ನಿಗೆ ಹಿಂದಿರುಗಲು ಮನೆಯಿರುವವರಿಗೆ ಅಂಥ ಅಂತ್ಯ ಸಾಕು. ಆ ಬಯಲಿನ ಹಳ್ಳಿಯವರು ಮರುದಿನ ಸಂಜೆ ಅದೇ ದಾರಿಯಲ್ಲಿ ನಡೆಯಬೇಕಲ್ಲ? ರಂಜಕದ ವಿಷಯವನ್ನು ಅವರಿಗೆ ಯಾರು ಹೇಳಿದರು, ಹೇಳಿದರೆ ಅವರು ನಂಬಿದರೇ? ಸಣ್ಣ ಊರಿನ ಭಯ ಹೊರಗಿನಿಂದ ಬಂದ ಜಾಣನೊಬ್ಬನ ವಿವರಣೆಯಿಂದ ಹೋಗುವಂಥದ್ದಲ್ಲ.

ಇನ್ನೊಂದು ಬಗೆ ಮೊಳೆಯದು. ಶೆರಿಡನ್ ಲೆ ಫಾನು ಬರೆದ ‘ಕಾರ್ಮಿಲ್ಲಾ’ 1871ರ ಡಿಸೆಂಬರಿನಿಂದ 1872ರ ಮಾರ್ಚಿಯವರೆಗೆ ‘ದಿ ಡಾರ್ಕ್ ಬ್ಲೂ’ ಎಂಬ ಪತ್ರಿಕೆಯಲ್ಲಿ ಬಂತು. ಬ್ರಾಮ್ ಸ್ಟೋಕರನ ‘ಡ್ರಾಕುಲಾ’ಕ್ಕಿಂತ ಕಾಲು ಶತಮಾನ ಹಿಂದಿನ ಕಥೆ. ಅದರ ಮುಕ್ತಾಯದಲ್ಲಿ ಸಮಾಧಿಯನ್ನು ತೆರೆದು, ಹೆಣದ ಎದೆಗೆ ಗೂಟ ಹೊಡೆದು, ತಲೆ ಕಡಿದು, ಸುಟ್ಟು, ಬೂದಿಯನ್ನು ಹೊಳೆಗೆ ಹಾಕುತ್ತಾರೆ. ನಮ್ಮ ನೆರೆಯ ಮಲೆಯಾಳದಲ್ಲಿ ಇದರ ಸೋದರಿಯಿದ್ದಾಳೆ. ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿಯ ತಲೆಗೆ ಕಡಮಟ್ಟತ್ತು ಕತ್ತನಾರ್ ಕಬ್ಬಿಣದ ಮೊಳೆ ಹೊಡೆದು ಅವಳನ್ನು ಹತೋಟಿಗೆ ತಂದ ಕಥೆ ಕೇರಳದ ಮಕ್ಕಳಿಗೆಲ್ಲ ಗೊತ್ತು. ಕತ್ತನಾರರಂಥ ಮಾಂತ್ರಿಕರ ಕಥೆಗಳನ್ನು ಒಟ್ಟುಮಾಡಿದ ಕೊಟ್ಟಾರತ್ತಿಲ್ ಶಂಕುಣ್ಣಿಯವರ ‘ಐತಿಹ್ಯಮಾಲೆ’ಯೂ ಪುಸ್ತಕವಾಗುವ ಮೊದಲು ಪತ್ರಿಕೆಯ ಬರೆಹವೇ ಆಗಿತ್ತು. ತರಗತಿಯಲ್ಲಿ ಅರ್ಧದಷ್ಟು ಮಕ್ಕಳು ಮನೆಯಲ್ಲಿ ತುಳುವನ್ನೋ ಮಲೆಯಾಳವನ್ನೋ ಆಡುವವರಾದ್ದರಿಂದ ಈ ಮೊಳೆಯ ಅಂತ್ಯ ಎಲ್ಲರಿಗೂ ಸಲ್ಲುತ್ತದೆಂದು ನನ್ನ ಲೆಕ್ಕ. ‘ಸುರಂಗ’ದ ನಾಲ್ಕನೆಯ ಕಂತಿನ ಕೊನೆಗೆ ದೂರದ ಊರಿನಿಂದ ಒಬ್ಬ ಮಂತ್ರವಾದಿ ಬಸ್ಸಿನಿಂದ ಇಳಿಯುತ್ತಾನೆ, ಅವನ ಚೀಲದಲ್ಲಿ ಏನೋ ಕಬ್ಬಿಣದ್ದು ಕಿಣಿಗುಡುತ್ತದೆ. ಅದು ಇದೇ ಮೊಳೆ. ಹಾಡುವವಳನ್ನು ಹಾಲೆಮರಕ್ಕೆ ಜಡಿದು ಕಥೆ ಮುಗಿಸುವ ನಾಲ್ಕು ಪುಟಗಳು ನನ್ನ ಮೇಜಿನ ಒಳಗೆ ಸಿದ್ಧವಾಗಿದ್ದವು.

ಮೂರನೆಯ ಕಂತು ಬಂದ ವಾರದಲ್ಲಿ ಆಗ ಇಲ್ಲಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ ವಿಭಾಗಕ್ಕೆ ಬಂದು, ತನ್ನ ಅಜ್ಜಿಗೆ ಈ ಕಥೆಯನ್ನು ಬರೆದವರ ಬಾಯಿಂದಲೇ ಕೇಳಬೇಕಂತೆ, ಕಣ್ಣು ಕಾಣುವುದಿಲ್ಲ, ಒಮ್ಮೆ ಬರುವಿರಾ ಎಂದು ಕೇಳಿದಳು. ಆಕೆ ಈಗ ತೇರ್ಗಡೆಯಾಗಿ ಹೋಗಿದ್ದಾಳೆ. ಅವಳ ಊರು, ಮನೆ, ಹೆಸರು ಇಲ್ಲಿ ಬೇಡ. ಬರೆಹವನ್ನು ಗಟ್ಟಿಯಾಗಿ ಓದಿ ಕೇಳಿಸುವ ಅವಕಾಶ ಯಾರಿಗೆ ಬೇಡ? ಹೋದೆ. ಅಜ್ಜಿ ಜಗಲಿಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದರು. ಮೂರು ಕಂತುಗಳನ್ನೂ ಒಂದೇ ಹಿಡಿತಕ್ಕೆ ಕೇಳಿದರು. ನಡುವೆ ಒಂದು ಮಾತಿಲ್ಲ. ಮುಗಿದಾಗ, “ಹಾಡು ಯಾವುದು ಅಂತ ನೀವು ಬರೆಯಲಿಲ್ಲ ಮಾಷ್ಟ್ರೇ” ಎಂದರು. ಅದು ಕಥೆಯಲ್ಲಿ ಮುಖ್ಯವಲ್ಲವಮ್ಮ ಎಂದೆ. “ಹೌದಾ? ಅದೊಂದೇ ಮುಖ್ಯ ಅಂತ ನಾನು ಗ್ರಹಿಸಿದ್ದೆ” ಎಂದು ನಕ್ಕರು. ಹಾಗೆಂದು ನನಗೆ ಚಾ ಮಾಡಿ ಕೊಡಲು ಮೊಮ್ಮಗಳನ್ನು ಕೂಗಿದರು.

ಅಂದು ಅಷ್ಟೇ. ನಾಲ್ಕನೆಯ ಕಂತನ್ನು ಓದಲು ಹೋದಾಗ ಮಂತ್ರವಾದಿ ಬಸ್ಸಿಳಿದ ಜಾಗಕ್ಕೆ ಅವರು ನನ್ನನ್ನು ತಡೆದರು.

“ಇವನು ಎಂತ ಮಾಡ್ಲಿಕ್ಕೆ ಬಂದದ್ದು?”

“ಅದು ಮುಂದಿನ ಕಂತಿನಲ್ಲಿ ಅಮ್ಮ.”

“ನನಗೆ ಮುಂದಿನ ಕಂತಿನವರೆಗೆ ಕಾಯುವ ವಯಸ್ಸಾ? ಓಡಿಸ್ಲಿಕ್ಕೆ ಬಂದದ್ದಲ್ಲವಾ?” ಸ್ವಲ್ಪ ಹೊತ್ತು ಸುಮ್ಮನಿದ್ದು, “ಓಡಿಸುವುದು ಬೇಡ ಮಾಷ್ಟ್ರೇ. ಅವಳು ನನ್ನ ಅಕ್ಕ” ಎಂದರು.

ಇಂಥ ಮಾತುಗಳು ಪಾಡ್ದನದ ಎಲ್ಲ ಊರುಗಳಲ್ಲೂ ಉಂಟು, ನಿಮ್ಮ ಮನೆಯ ಸಂಗತಿ ಎಂದು ಹೇಗೆ ಹೇಳುತ್ತೀರಿ ಎಂದು ನಾನು ಕೇಳಿದೆ. ಅವರು ಸಿಟ್ಟಾಗಲಿಲ್ಲ. ಸುರಂಗದಲ್ಲಿ ಸತ್ತವರು ಬೇರೆ ಊರಿನಲ್ಲೂ ಇರಬಹುದು, ಹಾಡುತ್ತ ಒಳಗೆ ಹೋಗುವವಳು ಒಬ್ಬಳೇ ಇದ್ದದ್ದು ಎಂದರು. ಆಮೇಲೆ ನಾನು ಓದಲು ಹೋದ ಪ್ರತಿಸಲವೂ ಒಂದು ಕಂತು ನನ್ನದು, ಒಂದು ಕಂತು ಅವರದು ಎಂಬಂತೆ ಆಯಿತು. ಅವರು ಒಮ್ಮೆಗೆ ಎಲ್ಲವನ್ನೂ ಹೇಳಲಿಲ್ಲ. ಕೇಳುಗನನ್ನು ಬಾಗಿಲಲ್ಲಿ ನಿಲ್ಲಿಸುವ ವಿದ್ಯೆ ನನಗಿಂತ ಅವರಿಗೆ ಚೆನ್ನಾಗಿ ತಿಳಿದಿತ್ತು.

ನಮ್ಮ ಕಡೆಯ ಹಿರಿಯರು ಕಾಲವನ್ನು ಅಳೆಯುವುದು 1956ರ ನವೆಂಬರ್ 1ರಿಂದ. ಕಾಸರಗೋಡು ಕೇರಳಕ್ಕೆ ಹೋದ ಆ ದಿನಕ್ಕೆ ಮೊದಲೋ ಆಮೇಲೋ ಎಂಬುದೇ ಎಲ್ಲದಕ್ಕೂ ಗುರುತು. ಅಜ್ಜಿ ಹೇಳಿದ್ದು ಅದರ ಮರುವರ್ಷದ ಮಳೆಗಾಲ. ಅವರಿಗೆ ಎಂಟು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಮನೆಗೆ ನೀರು ಗುಡ್ಡದ ಸುರಂಗದಿಂದ. ಮಳೆಗೆ ಒಳಗಡೆ ಮಣ್ಣು ಕುಸಿದು ನೀರಿನ ಹರಿವು ಕಟ್ಟಿಕೊಂಡರೆ ಯಾರಾದರೂ ಒಳಗೆ ಹೋಗಿ ಬಿಡಿಸಿ ಬರಬೇಕು. ಗಂಡಸರು ಗದ್ದೆಯಲ್ಲಿರುವ ಹೊತ್ತು. ಅಕ್ಕ ಕೊಡಪಾನ ಹಿಡಿದುಕೊಂಡು ಹೋಗುವುದು, ತಂಗಿ ಬಾಯಿಯ ಹತ್ತಿರ ನಿಲ್ಲುವುದು. ಒಳಗಿದ್ದಷ್ಟು ಹೊತ್ತೂ ಅಕ್ಕ ಹಾಡಬೇಕು. ಅದು ಇಬ್ಬರೊಳಗಿನ ಒಪ್ಪಂದ. ಹಾಡು ಕೇಳುತ್ತಿದ್ದರೆ ಹೊರಗೆ ಒಬ್ಬಳೇ ನಿಂತ ಚಿಕ್ಕವಳಿಗೆ ಧೈರ್ಯ, ಒಳಗಿನವಳು ಸರಿಯಾಗಿದ್ದಾಳೆಂದು ಗೊತ್ತೂ ಆಗುತ್ತದೆ.

“ಹಾಡು ನಿಂತಿತು,” ಎಂದರು ಅಜ್ಜಿ. “ನಾನು ಕರೆದೆ. ಮತ್ತೆ ಶುರು ಮಾಡ್ತಾಳೆ ಅಂತ ನಿಂತೇ ಇದ್ದೆ.”

ಮುರಕಲ್ಲು ಗಟ್ಟಿ. ಅದರ ಕೆಳಗಿನ ಶೇಡಿಮಣ್ಣು ಹಾಗಲ್ಲ, ನೀರು ಕುಡಿದರೆ ಬೆಣ್ಣೆಯಂತಾಗುತ್ತದೆ. ಹೆಣವನ್ನು ಮರುದಿನ ಮಧ್ಯಾಹ್ನ ತೆಗೆದರು. ಮಣ್ಣು ಮತ್ತೆ ಬೀಳುತ್ತಲೇ ಇದ್ದುದರಿಂದ ಹೆಚ್ಚು ಅಗೆಯದೆ ಬಾಯಿಗೆ ಕಲ್ಲು ಪೇರಿಸಿ ಮುಚ್ಚಿದರು. ಕೊಡಪಾನ ಸಿಗಲಿಲ್ಲ.

ಸಿಗದ ಆ ಕೊಡಪಾನದಿಂದ ಪೇಟೆಯ ಕಥೆ ಹುಟ್ಟಿತು. ನೀರಿಗೆ ಹೋದವಳ ಕೈಯಲ್ಲಿ ಕೊಡಪಾನ ಇಲ್ಲದೆ ಇರುತ್ತದೆಯೇ? ಕತ್ತಲಾಗುವ ಹೊತ್ತಿಗೆ ಹರೆಯದ ಹೆಣ್ಣು ಬರಿಗೈಯಲ್ಲಿ ಸುರಂಗಕ್ಕೆ ಹೋಗುವುದು ಯಾರನ್ನು ಕಾಯಲು? ಮೊದಲು ಹೋಟೆಲಿನಲ್ಲಿ ಒಬ್ಬರು ಕೇಳಿದರಂತೆ, ಆಮೇಲೆ ಎಲ್ಲರೂ ಕೇಳಿದರಂತೆ. ಎಂಟು ವರ್ಷದ ಮಗು ತಾನು ಕಂಡದ್ದನ್ನು ಹೇಳಿದರೆ, ಮನೆಯವರು ಹೇಳಿಕೊಟ್ಟಿದ್ದಾರೆ ಎಂದರು. ಅಲ್ಲಿಂದ ಒಂದೆರಡು ವರ್ಷದೊಳಗೆ ಅವಳು ಹಾಡುವ ಮೋಹಿನಿಯಾದಳು. ಸಂಜೆ ಗಂಡಸರನ್ನು ಕರೆಯುತ್ತಾಳೆಂದು ಹೇಳಿಕೊಂಡರು. ಅಂದರೆ, ಸತ್ತವಳ ಮೇಲೆ ಹೊರಿಸಿದ ಮಾತನ್ನೇ ದೆವ್ವದ ನಡತೆಯಾಗಿ ಮಾಡಿದರು. ತಂಗಿಗೆ ಧೈರ್ಯ ಕೊಡಲು ಹಾಡಿದ ಹಾಡು ಪೇಟೆಗೆ ಹೆದರಿಕೆಯ ಹಾಡಾಯಿತು. ತಂಗಿಯ ಮದುವೆಯ ಮಾತು ಬಂದಾಗಲೆಲ್ಲ ಅದು ಅಡ್ಡ ಬಂತಂತೆ. ಆ ಭಾಗವನ್ನು ಅಜ್ಜಿ ಎರಡೇ ವಾಕ್ಯದಲ್ಲಿ ದಾಟಿದರು, ನಾನೂ ದಾಟುತ್ತೇನೆ.

ಐದನೆಯ ಕಂತು ಆಗಲೇ ಅಚ್ಚಿನ ಮನೆಯಲ್ಲಿತ್ತು. ಆರನೆಯದಕ್ಕೆ ನನಗಿದ್ದದ್ದು ಒಂದು ತಿಂಗಳು. ಮೊಳೆಯ ಪುಟಗಳನ್ನು ಹೊರಗೆ ತೆಗೆದಿಟ್ಟೆ. ಆದರೆ ಅವರು ಹೇಳಿದ್ದನ್ನು ಇದ್ದಂತೆ ಬರೆದು, ಹೋಮ್ಸನ ಹಾಗೆ, ಓದುಗರೇ ಇದು ನಡೆದದ್ದು ಹೀಗೆ ಎಂದು ಗಂಟು ಬಿಚ್ಚುವುದು ಸಾಧ್ಯವಿರಲಿಲ್ಲ. ಅದು ಅವರ ಮನೆಯ ಮಾತು. ಅಲ್ಲದೆ ವಿವರಣೆಯ ಅಂತ್ಯದ ಬಗ್ಗೆ ನನಗಿದ್ದ ಅತೃಪ್ತಿಯನ್ನು ಮೇಲೆ ಹೇಳಿದ್ದೇನೆ.

ಆ ತಿಂಗಳು ನಾನು ನಮ್ಮದೇ ಪರಂಪರೆ ಇಂಥ ಕಥೆಗಳನ್ನು ಹೇಗೆ ಮುಗಿಸಿದೆ ಎಂಬುದನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ತುಳುನಾಡಿನ ಕಲ್ಕುಡ–ಕಲ್ಲುರ್ಟಿಯರ ಪಾಡ್ದನವನ್ನು ನೀವು ಜಾನಪದದ ಪತ್ರಿಕೆಯಲ್ಲಿ ಓದುತ್ತೀರಿ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಶಿಲ್ಪಿ ಬೇರೆಲ್ಲೂ ಅಂಥದ್ದನ್ನು ಕೆತ್ತಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸುತ್ತಾನೆ. ಅಣ್ಣನನ್ನು ಹುಡುಕಿ ಬಂದ ತಂಗಿಯ ಸಂಕಟ, ಇಬ್ಬರೂ ಮಾಯವಾಗಿ ದೈವಗಳಾಗುವುದು, ಅರಸನ ಊರಿಗೆ ಉಪದ್ರವ ಕೊಡುವುದು. ಭಯದ ಕಥೆಯೇ. ಆದರೆ ಅದರ ಕೊನೆ ಆ ದೈವಗಳನ್ನು ಓಡಿಸುವುದರಲ್ಲಿ ಇಲ್ಲ. ಅವರಿಗೊಂದು ನೆಲೆ ಕೊಡುವುದು, ವರ್ಷಕ್ಕೊಮ್ಮೆ ಕೋಲ ಕೊಟ್ಟು ಅವರಿಗಾದ ಅನ್ಯಾಯವನ್ನು ಅವರ ಎದುರಿನಲ್ಲೇ ಹಾಡುವುದು. ಚಂದ್ರಗಿರಿಯ ತೆಂಕಣ ದಡ ದಾಟಿ ತೆಯ್ಯಂಗಳ ಸೀಮೆಗೆ ಹೋದರೂ ಇದೇ. ಮುಚ್ಚಿಲೋಟ್ ಭಗವತಿ ಶಾಸ್ತ್ರದ ವಾದದಲ್ಲಿ ಆಡಿದ ಮಾತಿಗಾಗಿ ಶೀಲ ಕೆಟ್ಟವಳೆನಿಸಿಕೊಂಡು ಬೆಂಕಿಗೆ ಬಿದ್ದ ಕನ್ಯೆ. ಕಡಾಂಗೋಟ್ ಮಾಕ್ಕಂ ಅತ್ತಿಗೆಯರು ಹೊರಿಸಿದ ಸುಳ್ಳನ್ನು ನಂಬಿದ ಅಣ್ಣಂದಿರ ಕೈಯಲ್ಲಿ ಮಕ್ಕಳೊಂದಿಗೆ, ಒಂದು ಬಾವಿಯ ಬಳಿ, ಸತ್ತವಳು. ಇಬ್ಬರ ತೋಟ್ಟಂ ಹಾಡುಗಳಲ್ಲೂ ಸುಳ್ಳನ್ನು ಹೊರಿಸಿದವರು ಯಾರು ಎಂಬುದು ಮರೆಯಾಗುವುದಿಲ್ಲ. ಊರಿಗೆ ಊರೇ ಕೈಮುಗಿದು ನಿಂತು ಅದನ್ನು ಕೇಳಬೇಕು.

ಮನೆಯ ಒಳಗಿನ ಕ್ರಮವೂ ಹಾಗೆಯೇ ಇದೆ. ಆಟಿ ತಿಂಗಳಲ್ಲಿ ಕುಲೆಗಳಿಗೆ ಎಲೆ ಹಾಕಿ ಬಡಿಸುತ್ತೇವೆ. ಮದುವೆಯಾಗದೆ ತೀರಿಕೊಂಡವರಿಗೆ ಇನ್ನೊಂದು ಮನೆಯ ಅಂಥದ್ದೇ ಕುಲೆಯನ್ನು ಹುಡುಕಿ ಮದುವೆ ಮಾಡಿಸುವವರೂ ಇದ್ದಾರೆ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಕಥೆಗಾರನಾಗಿ ನನಗೆ ಕಂಡದ್ದಿಷ್ಟು. ಇಂಗ್ಲಿಷಿನ ಆ ಧಾರಾವಾಹಿಗಳಲ್ಲಿ ಕೊನೆಯ ಕಂತು ಕೇಳುವ ಪ್ರಶ್ನೆ, ಅದು ಏನು, ಅದನ್ನು ಕೊಲ್ಲುವುದು ಹೇಗೆ ಎಂಬುದು. ನಮ್ಮ ಪಾಡ್ದನ, ತೋಟ್ಟಂಗಳು ಕೇಳುವುದು, ಇವಳು ಯಾರ ಮಗಳು, ಇವಳಿಗೆ ಏನಾಯಿತು ಎಂದು. ಲೆ ಫಾನು ಕೂಡ, ಬೂದಿಯನ್ನು ಹೊಳೆಗೆ ಹಾಕಿಸಿದ ಮೇಲೂ, ಕೊನೆಯಲ್ಲಿ ಒಂದು ಕಿಂಡಿ ಉಳಿಸಿದ್ದಾನೆ. ವರ್ಷಗಳ ನಂತರವೂ ಕಾರ್ಮಿಲ್ಲಾಳ ಹಗುರ ಹೆಜ್ಜೆ ಬಾಗಿಲ ಬಳಿ ಕೇಳಿದಂತಾಗುತ್ತದೆ ಎನ್ನುತ್ತಾಳೆ ಕಥೆ ಹೇಳುವ ಹುಡುಗಿ. ಅವಳ ಆ ಮಾತಿನಲ್ಲಿ ಹೆದರಿಕೆಗಿಂತ ಹೆಚ್ಚಾಗಿ ಅಗಲಿಕೆ ಇದೆ ಎಂದು ನನಗನ್ನಿಸುತ್ತದೆ.

ಕಾವ್ಯಮೀಮಾಂಸೆ ಓದುವವರಿಗೆ ಇಲ್ಲೊಂದು ಚರ್ಚೆಯ ವಿಷಯವಿದೆ. ಭರತ ಮೂಲರಸ ನಾಲ್ಕು ಎಂದು ಹೇಳಿ ಉಳಿದವು ಅವುಗಳಿಂದ ಹುಟ್ಟುತ್ತವೆ ಎನ್ನುತ್ತಾನೆ. ರೌದ್ರದಿಂದ ಕರುಣ, ಬೀಭತ್ಸದಿಂದ ಭಯಾನಕ. ಭಯಾನಕದಿಂದ ಕರುಣಕ್ಕೆ ಅವನ ಪಟ್ಟಿಯಲ್ಲಿ ದಾರಿಯಿಲ್ಲ. ಆದರೆ ನಮ್ಮ ಗುಡ್ಡಗಳ ನಡುವೆ ಆ ದಾರಿ ಸವೆದುಹೋಗುವಷ್ಟು ಜನ ನಡೆದಿದ್ದಾರೆ. ಶೋಕವೇ ಮೊದಲು ಇದ್ದದ್ದು, ಅದರ ಮೇಲೆ ಊರು ಭಯವನ್ನು ಹೊದಿಸಿತು ಎಂದೂ ವಾದಿಸಬಹುದು. ಯಾರಾದರೂ ಇದನ್ನು ಕಿರುಪ್ರಬಂಧಕ್ಕೆ ತೆಗೆದುಕೊಂಡರೆ ನನಗೆ ಸಂತೋಷ. ಪರೀಕ್ಷೆಯಲ್ಲಿ ಮಾತ್ರ ಭರತ ಹೇಳಿದ್ದನ್ನೇ ಬರೆಯಿರಿ.

ಹೀಗೆ ಆರನೆಯ ಕಂತು ಬರೆದೆ. ಮಂತ್ರವಾದಿಯನ್ನು ಏನು ಮಾಡುವುದೆಂಬುದು ದೊಡ್ಡ ತಲೆನೋವಾಯಿತು. ಬಸ್ಸಿನಿಂದ ಇಳಿಸಿದ್ದಾಗಿದೆ, ಅವನ ಚೀಲ ಕಿಣಿಗುಟ್ಟಿದ್ದಾಗಿದೆ. ಕೊನೆಗೆ ಅವನು ಸುರಂಗದ ಬಾಯಿಯಲ್ಲಿ ಕುಳಿತು ಇ‌ಡೀ ರಾತ್ರಿ ಕೇಳುತ್ತಾನೆ, ಬೆಳಗಿನ ಬಸ್ಸಿಗೆ ದಕ್ಷಿಣೆ ತೆಗೆದುಕೊಳ್ಳದೆ ಹಿಂದಿರುಗುತ್ತಾನೆ ಎಂದು ಬರೆದೆ. ಅವನು ಹೋಗಿದ್ದು ಸೋತು ಎಂದು ಕೆಲವರು, ಹೆದರಿ ಎಂದು ಕೆಲವರು ಅರ್ಥ ಮಾಡಿದ್ದೀರಿ. ಎರಡಕ್ಕೂ ನನ್ನ ತಕರಾರಿಲ್ಲ. ಒಳಗೆ ಹೋದ ತರುಣರು ದೀಪ ಆರಿದ ಮೇಲೆ ಗೋಡೆಯನ್ನು ತಡವುತ್ತ ನಡೆಯುತ್ತಾರೆ. ಕಾಲಿಗೆ ಕುಸಿದ ಮಣ್ಣು ಸಿಗುತ್ತದೆ, ಮಣ್ಣಿನೊಳಗೆ ಕೈಗೆ ತಣ್ಣಗಿನ ಒಂದು ಬಾಯಂಚು. ಎಳೆದು ತೆಗೆಯುತ್ತಾರೆ. ಅದರ ಹಿಂದೆ ಕಟ್ಟಿಕೊಂಡಿದ್ದ ನೀರು ಅವರ ಕಾಲ ಮೇಲಿಂದ ಹೊರಕ್ಕೆ ಹರಿಯುತ್ತದೆ. ಬೆಳಗ್ಗೆ ಪೇಟೆಯ ಹೋಟೆಲಿನ ಮೇಜಿನ ಮೇಲೆ ಆ ಕೊಡಪಾನವನ್ನು ಇಡುತ್ತಾರೆ. ಚಾ ಕುಡಿಯುತ್ತಿದ್ದವರು ಅದನ್ನು ನೋಡುತ್ತಾರೆ. ಯಾರೂ ಏನೂ ಮಾತಾಡುವುದಿಲ್ಲ. ಆ ಸಂಜೆಯೂ ಹಾಡು ಕೇಳುತ್ತದೆ.

ಹಾಡನ್ನು ನಿಲ್ಲಿಸಬೇಕಿತ್ತು ಎಂದು ನಿಮ್ಮಲ್ಲೊಬ್ಬ ವಾದಿಸಿದ. ಕೊಡಪಾನ ಸಿಕ್ಕಿದ ಮೇಲೆ ಅವಳಿಗೆ ಮುಕ್ತಿ ಸಿಗಬೇಡವೇ ಎಂಬುದು ಅವನ ತರ್ಕ. ಸಿನಿಮಾಗಳಲ್ಲಿ ಹಾಗೆಯೇ ಆಗುತ್ತದೆ, ನಿಜ. ಆದರೆ ಹಾಡು ನಿಂತರೆ ಹೊರಗೆ ನಿಂತವಳ ಗತಿ ಏನು? ಕಥೆಯೊಳಗೆ ತಂಗಿಯ ಪಾತ್ರವೇ ಇಲ್ಲ, ಆ ಹುಡುಗನಿಗೆ ಇದು ತಿಳಿಯುವ ಸಂಭವವೂ ಇರಲಿಲ್ಲ. ಈಗ ತಿಳಿದಿರಲಿ.

ಹೆದರಿಕೆ ಸಾಲದೆಂಬ ದೂರಿಗೆ ಇನ್ನೊಂದು ಮಾತು. ಆ ಹೋಟೆಲಿನ ಮೇಜನ್ನು ಮತ್ತೊಮ್ಮೆ ಓದಿ ನೋಡಿ. ಐದು ಕಂತುಗಳಲ್ಲಿ ಪೇಟೆಯವರು ಸುರಂಗಕ್ಕೆ ಹೆದರುತ್ತಿದ್ದರು. ಆರನೆಯದರಲ್ಲಿ ಅವರು ಒಬ್ಬರ ಮುಖವನ್ನು ಒಬ್ಬರು ನೋಡಲು ಹೆದರುತ್ತಾರೆ. ಬರೆಯುವಾಗ ನನಗೆ ಮೈ ಜುಮ್ಮೆಂದದ್ದು ಅಲ್ಲಿಯೇ, ಸುರಂಗದ ಕತ್ತಲೆಯಲ್ಲಿ ಅಲ್ಲ.

ಅಚ್ಚಿಗೆ ಕೊಡುವ ಮೊದಲು ಕೈಬರಹವನ್ನೇ ತೆಗೆದುಕೊಂಡು ಹೋಗಿ ಅಜ್ಜಿಗೆ ಓದಿದೆ. ಮಂತ್ರವಾದಿ ಬೆಳಗಿನ ಬಸ್ಸಿಗೆ ಹೋದದ್ದಕ್ಕೆ “ಒಳ್ಳೇದಾಯ್ತು” ಎಂದರು. ಕೊಡಪಾನ ಕೈಗೆ ತಾಗುವ ಜಾಗವನ್ನು ಮತ್ತೊಮ್ಮೆ ಓದಲು ಹೇಳಿದರು. ಓದಿದೆ.

“ಎಂಥ ಕೊಡಪಾನ ಮಾಷ್ಟ್ರೇ? ತಾಮ್ರದ್ದಾ?”

ಯಾವ ಲೋಹವೆಂದು ನಾನು ಬರೆದಿರಲಿಲ್ಲ. ಹಾಗೆಂದೆ.

“ಹಿತ್ತಾಳೆದು. ಬಾಯಿಯ ಹತ್ತಿರ ಒಂದು ಕಡೆ ನಗ್ಗಿದ್ದು. ನಾನು ಬೀಳಿಸಿದ್ದು ಅದು. ಅಮ್ಮ ಬೈತಾರೆ ಅಂತ ಅವಳು ನಾನೇ ಬೀಳಿಸಿದ್ದು ಅಂತ ಹೇಳಿದ್ದು.”

ಜೇಬಿನಿಂದ ಪೆನ್ನು ತೆಗೆದು, ಕೊಡಪಾನ ಎಂಬ ಪದದ ಮೇಲುಗಡೆ ಜಾಗ ಮಾಡಿಕೊಂಡು, ಅದನ್ನು ಬರೆದುಕೊಂಡೆ.